ಹೊಲಿದ ಕೈಗೆ ಮೂರು ವಾರದ ಆಸರೆ ಬೇಕು – ದೇಣಿಗೆ ಮನವಿ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ದಾನಿಗಳಿಗೆ ನಮ್ಮ ಟ್ರಸ್ಟಿನ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇವೆ, ನಾವು ಕೈಚಾಚಿರುವುದು ಗಾಯಕ್ಕೆ ಬೇರೆಡೆಯ ಚರ್ಮ ತಂದು ಹೊಲಿಯುವ ಆಪರೇಷನ್ ಖರ್ಚಿಗಲ್ಲ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ದಾರಿ ಇದೆ. ದಾರಿ ಇಲ್ಲದಿರುವುದು ಆಪರೇಷನ್ ಮುಗಿದ ಮರುದಿನದಿಂದ, ಗಾಯ ಮಾಗುವವರೆಗೆ ಉಳಿಯಲಿಕ್ಕೆ, ಉಣ್ಣಲಿಕ್ಕೆ.

ಸಿರುಗುಪ್ಪ, ಕಂಪ್ಲಿ, ಗಂಗಾವತಿ ಕಡೆಯ ರೈಸ್ ಮಿಲ್ಲಿನ ಬೆಲ್ಟಿಗೋ, ರಾಶಿ ಯಂತ್ರಕ್ಕೋ, ಬೇಸಿಗೆಯಲ್ಲಿ ಕಬ್ಬಿನ ಹಾಲಿನ ಗಾಣಕ್ಕೋ ಕೈ ಕೊಟ್ಟವರನ್ನು ನೀವೂ ನೋಡಿರುತ್ತೀರಿ. ಮುಂಗೈ ಮೇಲಿನ ಚರ್ಮ ಸುಲಿದು ನರ, ಎಲುಬು ಕಾಣುತ್ತಿರುತ್ತವೆ. ತೊಡೆಯ ತೆಳು ಚರ್ಮ ತಂದು ಮುಚ್ಚೋಣವೆಂದರೆ ಬರಿ ಎಲುಬಿನ ಮೇಲೆ ಅದು ಹತ್ತುವುದಿಲ್ಲ, ಏಕೆಂದರೆ ಅಡಿಯಿಂದ ರಕ್ತ ಕೊಡಲು ಅಲ್ಲಿ ಏನೂ ಇಲ್ಲ. ಆಗ ವೈದ್ಯರು ತೊಡೆಸಂದಿಯಿಂದ ಕೊಬ್ಬಿನ ಸಮೇತ ಚರ್ಮದ ಒಂದು ಪಟ್ಟಿ ಎಬ್ಬಿಸುತ್ತಾರೆ. ಒಂದು ತುದಿಯನ್ನು ಕಡಿಯದೆ ಹಾಗೇ ಬಿಟ್ಟು, ಇನ್ನೊಂದು ತುದಿಯನ್ನು ಗಾಯದ ಕೈಗೆ ಹೊಲಿಯುತ್ತಾರೆ. ಇದಕ್ಕೆ ಗ್ರೋಯಿನ್ ಫ್ಲ್ಯಾಪ್ ಎನ್ನುತ್ತಾರೆ. 1972ರಲ್ಲಿ ಮ್ಯಾಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬ ಸರ್ಜನ್ನರು ಈ ವಿಧಾನವನ್ನು ವಿವರಿಸಿ ಬರೆದರು. ಸುಮಾರು ಮೂರು ವಾರ ಆ ಚರ್ಮ ತೊಡೆಸಂದಿಯ ರಕ್ತದಲ್ಲೇ ಜೀವ ಹಿಡಿದಿರುತ್ತದೆ. ಅಷ್ಟರಲ್ಲಿ ಕೈಯ ಅಂಚಿನಿಂದ ಹೊಸ ಕಿರುನಾಳಗಳು ಅದರೊಳಗೆ ಬೆಳೆಯುತ್ತವೆ. ಆಮೇಲೆ ನಡುವಿನ ತೊಟ್ಟನ್ನು ಕತ್ತರಿಸಿ ಕೈ ಬಿಡಿಸುತ್ತಾರೆ.

ಈ ಮೂರು ವಾರ ಆ ಮನುಷ್ಯ ಒಬ್ಬನೇ ಇರಲಾರ. ಬಲಗೈ ಕಿಬ್ಬೊಟ್ಟೆಗೆ ಅಂಟಿಕೊಂಡು, ಮೇಲೆ ಅಗಲ ಪಟ್ಟಿ ಸುತ್ತಿರುತ್ತದೆ. ರೊಟ್ಟಿಯನ್ನು ಹೆಂಡತಿಯೇ ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಡಬೇಕು. ಲುಂಗಿಯ ಗಂಟು ಬಿಚ್ಚುವುದಕ್ಕೂ ಆಕೆಯೇ ಬೇಕು. ರಾತ್ರಿ ನಿದ್ದೆಗಣ್ಣಲ್ಲಿ ಅವನು ಕೈ ಎಳೆದುಕೊಂಡರೆ ಹೊಲಿಗೆ ಹರಿಯುತ್ತದೆ, ಅದಕ್ಕೇ ಆಕೆ ಮಂಚದ ಪಕ್ಕ ನೆಲದ ಮೇಲೆ ಅರೆಎಚ್ಚರದಲ್ಲೇ ಮಲಗುತ್ತಾಳೆ. ಹೊಲಿದ ಚರ್ಮವನ್ನು ಬೆರಳಿಂದ ಒತ್ತಿಬಿಟ್ಟರೆ ಬೆಳ್ಳಗಾಗಿ ಎರಡು–ಮೂರು ಸೆಕೆಂಡಿನಲ್ಲಿ ಮತ್ತೆ ಬಣ್ಣ ಬರಬೇಕು. ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ ಎಂದು ತಿಳಿಯಬೇಕು. ನೀಲಿಗಟ್ಟಿ ಊದಿಕೊಂಡರೆ ಬಂದ ರಕ್ತ ಹೊರಗೆ ಹೋಗುತ್ತಿಲ್ಲ. ಇದನ್ನೆಲ್ಲ ಸಿಸ್ಟರ್‌ಗಳು ಜೊತೆಗಿದ್ದವರಿಗೂ ಕಲಿಸಿಬಿಡುತ್ತಾರೆ: "ಯವ್ವಾ, ಬಣ್ಣ ಬದಲಾದ್ರ ಎಷ್ಟೊತ್ತಾದ್ರೂ ಸೈ, ನಮ್ಮನ್ನ ಎಬ್ಬಸು." ಓದು ಬರದ ಹೆಣ್ಣುಮಕ್ಕಳು ಈ ಕೆಲಸವನ್ನು ಎಷ್ಟು ನಿಗಾದಿಂದ ಮಾಡುತ್ತಾರೆಂದರೆ, ನೋಡಿದ ನಮಗೇ ಅಚ್ಚರಿ.

ಇದೇನು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ ಕೋವಾಸ್ಜಿ ಎಂಬ ಎತ್ತಿನ ಬಂಡಿಯವನಿಗೆ ಪುಣೆ ಕಡೆಯ ದೇಶಿ ವೈದ್ಯನೊಬ್ಬ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಹುಬ್ಬುಗಳ ನಡುವಿನ ತೊಟ್ಟನ್ನು ಅಲ್ಲಿಯೂ ಸುಮಾರು 25 ದಿನ ಕಡಿದಿರಲಿಲ್ಲ. ಕಾಯುವ ಕಾಲ ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ ಇದೆ, ಬಡವರ ಕೈಯಲ್ಲಿ ಕಾಯುವ ತ್ರಾಣ ಮಾತ್ರ ಇಲ್ಲ.

ಸುಟ್ಟಗಾಯದವರ ಪಾಡು ಇನ್ನೊಂದು ತರಹ. ತೊಡೆಯಿಂದ ತೆಳ್ಳಗೆ ಕೆತ್ತಿ ತೆಗೆದ ಚರ್ಮಕ್ಕೆ ಸ್ವಂತ ರಕ್ತವಿರುವುದಿಲ್ಲ. ಮೊದಲ ಒಂದೆರಡು ದಿನ ಗಾಯ ಒಸರುವ ದ್ರವವನ್ನೇ ಹೀರಿಕೊಂಡಿರುತ್ತದೆ. ನಂತರ ಅಡಿಯ ಕಿರುನಾಳಗಳು ಅದರ ನಾಳಗಳಿಗೆ ಬಂದು ಕೂಡಿ, ಐದಾರು ದಿನಕ್ಕೆ ರಕ್ತ ಓಡಾಡತೊಡಗುತ್ತದೆ. ಗದ್ದೆಗೆ ಹಚ್ಚಿದ ಭತ್ತದ ಸಸಿ ಬೇರು ಕಚ್ಚುವವರೆಗೆ ಅಲುಗಿಸಬಾರದಲ್ಲ, ಇದೂ ಹಾಗೇ. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಕೀವಾದರೂ ಚರ್ಮ ತುಸು ಸರಿದರೂ ಹೋಯಿತು. ಆದರೆ ಕೂಲಿ ತಪ್ಪುತ್ತದೆಂದು, ಮನೆಯಲ್ಲಿ ಮಕ್ಕಳಿವೆಯೆಂದು ಬೇಗ ಡಿಸ್ಚಾರ್ಜ್ ಬರೆಸಿಕೊಂಡು ಹೋಗುತ್ತಾರೆ. ಹೊಸ ಚರ್ಮ ಹಾಕಿದ ಕಾಲನ್ನು ಇಳಿಬಿಟ್ಟುಕೊಂಡು ತುಂಬಿದ ಬಸ್ಸಿನಲ್ಲಿ ಸಿಂಧನೂರಿನವರೆಗೆ ನಿಂತು ಹೋದವರ ಪಟ್ಟಿ ಬಿಚ್ಚಿದರೆ ಕರ್ರಗಿನ ಸಿಪ್ಪೆ ಇರುತ್ತದೆ. ಮತ್ತೆ ಇನ್ನೊಂದು ತೊಡೆ ಕೆತ್ತಬೇಕು.

ಬಳ್ಳಾರಿಯಲ್ಲಿ ನಮ್ಮ ಟ್ರಸ್ಟ್ ನಡೆಸುತ್ತಿರುವ ಎರಡು ಕೋಣೆಗಳು ಇಂಥವರಿಗಾಗಿಯೇ ಇವೆ. ವಾರ್ಡಿನಿಂದ ಬಿಟ್ಟರೂ ಊರಿಗೆ ಹೋಗುವ ಹಾಗಿಲ್ಲದವರು, ಜೊತೆಗೊಬ್ಬರು, ಇಲ್ಲಿ ಉಳಿಯಬಹುದು. ಎರಡು ಹೊತ್ತಿನ ಊಟ, ರೋಗಿಗೆ ದಿನವೂ ಮೊಟ್ಟೆ, ಹಾಲು ಅಥವಾ ಬೇಳೆ ಕೊಡುತ್ತೇವೆ. ಡ್ರೆಸ್ಸಿಂಗ್ ದಿನ ಆಟೋ ಖರ್ಚು ನಮ್ಮದು. ಬೀಡಿ, ಗುಟ್ಕಾ, ಎಲೆಯಡಿಕೆಯ ಜೊತೆ ತಂಬಾಕು ಇಲ್ಲಿ ನಡೆಯುವುದಿಲ್ಲ. ನಿಕೋಟಿನ್ ರಕ್ತನಾಳವನ್ನು ಬಿಗಿಯುತ್ತದೆ, ಹೊಲಿದ ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಈ ಒಂದು ವಿಷಯಕ್ಕೆ ನಮ್ಮನ್ನು ಬೈದುಕೊಂಡು ಹೋದವರೂ ಇದ್ದಾರೆ, ಹೋಗಲಿ.

ಈಗ ಬೇಕಾದದ್ದು: ಇನ್ನೊಂದು ಕೋಣೆಯ ಬಾಡಿಗೆ, ಬೆನ್ನು ಎತ್ತಿಸಬಹುದಾದ ಕಬ್ಬಿಣದ ಮಂಚಗಳು, ತಗಡಿನ ಮಾಡಿಗೆ ಒಳಸೀಲಿಂಗ್ (ಏಪ್ರಿಲ್ ಮಧ್ಯಾಹ್ನ ಒಳಗೆ ಐದು ನಿಮಿಷ ಕೂತು ನೋಡಿ, ಯಾಕೆಂದು ತಿಳಿಯುತ್ತದೆ), ಸುಟ್ಟಗಾಯ ಮಾಗಿದ ಮೇಲೆ ತಿಂಗಳುಗಟ್ಟಲೆ ತೊಡಬೇಕಾದ ಬಿಗಿ ಉಡುಪುಗಳು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆದರೆ ಜೊತೆಗೆ ಬರುವ ಅಣ್ಣ ತಮ್ಮಂದಿರ ಟಿಕೆಟ್ಟಿಗೂ ಒಂದಿಷ್ಟು ಎತ್ತಿಡಬೇಕು. ಹಣವೇ ಆಗಬೇಕೆಂದಿಲ್ಲ. ಜೋಳ, ಅಕ್ಕಿ, ತೊಗರಿಬೇಳೆ ಚೀಲವನ್ನು ನೇರ ತಂದು ಇಳಿಸಬಹುದು. ಒಗೆದ ಹಳೆಯ ಹತ್ತಿ ಸೀರೆ, ಪಂಚೆಯೂ ಬೇಕು, ಹಾಸಲಿಕ್ಕೆ. ದಾನಿಗಳ ಹೆಸರಿನ ಗ್ರಾನೈಟ್ ಫಲಕ ಹಾಕಿಸುವ ಪದ್ಧತಿ ನಮ್ಮಲ್ಲಿಲ್ಲ, ಆ ದುಡ್ಡಿಗೆ ಒಂದು ಹಾಸಿಗೆ ಬರುತ್ತದೆ.

ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ (80ಜಿ) ಬೇಕಿದ್ದವರು 2,000 ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಡದೆ ಚೆಕ್ ಅಥವಾ ಆನ್‌ಲೈನ್ ಮೂಲಕ ಕಳಿಸಿ. ಲೆಕ್ಕದ ಪುಸ್ತಕ ಅಡುಗೆಮನೆಯ ಪಕ್ಕದ ಮೇಜಿನ ಮೇಲಿರುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು. ಊಟದ ಹೊತ್ತಿಗೆ ಬಂದರೆ ಬಡಿಸಲು ಒಂದು ಕೈಯೂ ಹೆಚ್ಚಾಗುತ್ತದೆ.