ದೋಣಿ ಟ್ರೇಲರಿನ ಕೊಳೆತ ಬಂಕ್ ಹಲಗೆಗಳ ಬಗ್ಗೆ ದೂರು

ಇಂದ: ಟ್ರೇಲರ್ ಖರೀದಿಸಿದ ಗ್ರಾಹಕಿ, ಕೋಡಿ ಬೆಂಗ್ರೆ, ಉಡುಪಿ ಜಿಲ್ಲೆ
ಗೆ: ವ್ಯವಸ್ಥಾಪಕರು, ದೋಣಿ ಟ್ರೇಲರ್ ತಯಾರಿಕಾ ಸಂಸ್ಥೆ
ದಿನಾಂಕ: 18 ಆಗಸ್ಟ್ 2025

ವಿಷಯ: ಮೆರೈನ್ ಪ್ಲೈವುಡ್ ಎಂದು ಹೇಳಿ ಸಾಮಾನ್ಯ ಪ್ಲೈವುಡ್ ಹಾಕಿರುವುದು, ಅದರಿಂದ ದೋಣಿಗೆ ಆದ ಹಾನಿ

ಮಾನ್ಯರೇ,

2023ರ ನವೆಂಬರಿನಲ್ಲಿ 1,18,000 ರೂಪಾಯಿ ಕೊಟ್ಟು ನಿಮ್ಮಿಂದ ಟ್ರೇಲರ್ ಕೊಂಡೆ. ನನ್ನದು ಹದಿನೈದು ಅಡಿಯ ಫೈಬರ್ ದೋಣಿ. ನಮ್ಮ ಹೋಂಸ್ಟೇಗೆ ಬಂದವರನ್ನು ಸ್ವರ್ಣಾ, ಸೀತಾ ನದಿಗಳು ಕೂಡುವ ಅಳಿವೆಯ ಹಿನ್ನೀರಿನಲ್ಲಿ ಅದರಲ್ಲೇ ಸುತ್ತಾಡಿಸುತ್ತೇವೆ. ಮಳೆ ಹಿಡಿಯುವ ಹೊತ್ತಿಗೆ ದೋಣಿಯನ್ನು ಅಂಗಳಕ್ಕೆ ತಂದುಬಿಡುವುದು ವಾಡಿಕೆ. ಈ ಜೂನ್ 3ರಂದು ಹಾಗೆ ಎಳೆದು ತರುತ್ತಿದ್ದಾಗ ದೋಣಿಯ ತಳವನ್ನು ಹೊತ್ತು ನಿಲ್ಲುವ ಬಂಕ್ ಹಲಗೆಗಳಲ್ಲಿ ಎಡಬದಿಯದು ಹಿಂತುದಿಯಲ್ಲಿ ಮುರಿದು, ದೋಣಿ ಕೆಳಗಿನ ಕಬ್ಬಿಣದ ಬ್ರಾಕೆಟ್ ಮೇಲೆ ಕುಸಿಯಿತು. ಅಡಿಭಾಗದಲ್ಲಿ ಎರಡು ಅಡಿ ಉದ್ದಕ್ಕೆ ಜೆಲ್‌ಕೋಟ್ (ಹೊರಮೈಯ ನುಣುಪು ಲೇಪನ) ಕಿತ್ತು ಒಳಗಿನ ಫೈಬರ್ ನಾರು ಕಾಣಿಸಿತು. ರಿಪೇರಿಗೆ 14,500 ರೂಪಾಯಿ ಆಯಿತು. ಯಾರ ಕಾಲಿನ ಮೇಲೂ ಬೀಳಲಿಲ್ಲ, ಅದೊಂದು ಪುಣ್ಯ.

ಮುರಿದ ಹಲಗೆಯ ಮೇಲಿನ ಕಾರ್ಪೆಟ್ ಕಿತ್ತು ನೋಡಿದೆವು. ಒಳಗಿನ ಪ್ಲೈವುಡ್ ಹಳಸಿದ ಪತ್ರೊಡೆಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತ್ತು, ಬೆರಳಿನಿಂದ ಒತ್ತಿದರೆ ನೀರು ಒಸರುತ್ತಿತ್ತು. ಕಾರ್ಪೆಟ್ ಹಿಡಿದಿಡಲು ಹೊಡೆದಿದ್ದ ಪಿನ್ನುಗಳು ತುಕ್ಕಿನ ಕಲೆಯಾಗಿ ಮಾತ್ರ ಉಳಿದಿದ್ದವು. ನಿಮ್ಮ ಬಿಲ್ಲಿನಲ್ಲಿ ‘ಎಸ್‌ಎಸ್ ಬೋಲ್ಟ್’, ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟ್, ಎಂದಿದೆ. ಅವುಗಳ ಬಳಿ ಅಯಸ್ಕಾಂತ ಹಿಡಿದರೆ ಟಪ್ಪೆಂದು ಅಂಟಿಕೊಂಡಿತು, ತಿಕ್ಕಿದರೆ ಹೊಳಪಿನ ಲೇಪನದ ಅಡಿಯಿಂದ ಕೆಂಪು ತುಕ್ಕು ಎದ್ದಿತು.

ನನಗೆ ಹೆಚ್ಚು ಕೋಪ ಬರಿಸಿದ್ದು ಬಲಬದಿಯ ಹಲಗೆ. ಅದು ಪೂರ್ತಿ ಕೊಳೆತಿರಲಿಲ್ಲವಾದ್ದರಿಂದ ಅದರ ಒಳಮೈಯಲ್ಲಿ ಕಾರ್ಖಾನೆಯ ಮುದ್ರೆ ಓದಲು ಸಿಕ್ಕಿತು: ‘ಐಎಸ್ 303, ಎಂಆರ್’. ಮೆರೈನ್ ಪ್ಲೈವುಡ್ಡಿನ ಮಾನಕ ಐಎಸ್ 710. ಅದನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪದರ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಎಂಆರ್ ಎಂಬುದು ಮನೆಯೊಳಗಿನ ಕಪಾಟು, ಮೇಜುಗಳಿಗೆ ಬಳಸುವ ದರ್ಜೆ. ತೇವ ತಡೆದೀತು, ನೀರಲ್ಲ. ಬಿಲ್ಲಿನಲ್ಲಿ ಮೆರೈನ್ ಎಂದು ಬರೆದು ಹಲಗೆ ಮಾತ್ರ ಕಪಾಟಿನದು ಹಾಕಿ, ಕಾಣದಂತೆ ಕಾರ್ಪೆಟ್ ಸುತ್ತಿಕೊಟ್ಟಿದ್ದೀರಿ. ಕಣ್ತಪ್ಪಿನಿಂದ ಆಗಿದ್ದರೆ ಹಾಗೆಂದು ಬರೆದು ತಿಳಿಸಿ, ನಂಬುತ್ತೇನೆ. ಆದರೆ ಎರಡೂ ಬದಿಗೆ ಒಂದೇ ತರಹದ ಹಲಗೆ ಇರುವಾಗ ನಂಬುವುದು ಸ್ವಲ್ಪ ಕಷ್ಟ.

ಫೋನಿನಲ್ಲಿ ನಿಮ್ಮ ಸರ್ವಿಸ್ ವಿಭಾಗದವರು ಕೊಟ್ಟ ಉತ್ತರ ಹೀಗಿತ್ತು: “ಮೇಡಂ, ನೀವು ಟ್ರೇಲರನ್ನು ಉಪ್ಪು ನೀರಿಗೆ ಇಳಿಸಿದ್ದೀರಿ, ಅದಕ್ಕೇ ಹೀಗಾಗಿದೆ. ಅಲ್ಲದೆ ಬಂಕ್ ಸವೆಯುವ ಭಾಗ, ಅದಕ್ಕೆ ವಾರಂಟಿ ಇಲ್ಲ.” ದೋಣಿಯ ಟ್ರೇಲರನ್ನು ನೀರಿಗೆ ಇಳಿಸಬಾರದು ಎನ್ನುವುದು ಕೊಡೆಯನ್ನು ಮಳೆಯಲ್ಲಿ ಬಿಚ್ಚಬಾರದು ಎಂದಂತೆ. ನಾನು ಕರಾವಳಿಯವಳು ಎಂಬುದು ವಿಳಾಸದಲ್ಲೇ ಇತ್ತು, ತಲುಪಿಸಲು ಬಂದ ನಿಮ್ಮ ಚಾಲಕ ಅಳಿವೆಯನ್ನು ಕಣ್ಣಾರೆ ಕಂಡು ಹೋಗಿದ್ದಾರೆ. ಪ್ರತಿ ಸಲವೂ ಟ್ರೇಲರನ್ನು ಸಿಹಿನೀರಿನಲ್ಲಿ ತೊಳೆದಿದ್ದೇವೆ. ಆದರೆ ಕಾರ್ಪೆಟ್ ಹೀರಿಕೊಂಡ ಉಪ್ಪು ಮೇಲಿನಿಂದ ಪೈಪು ಹಿಡಿದ ಮಾತ್ರಕ್ಕೆ ಹೋಗುವುದಿಲ್ಲ. ಕಾರ್ಪೆಟ್ ಒದ್ದೆ ಗೋಣಿಯಂತೆ ದಿನಗಟ್ಟಲೆ ಹಲಗೆಯನ್ನು ಅಪ್ಪಿಕೊಂಡೇ ಇರುತ್ತದೆ. ಇನ್ನು ಸವೆತದ ಮಾತು: ಸವೆದದ್ದು ಕಾರ್ಪೆಟ್ ಅಲ್ಲ, ಅದು ಇನ್ನೂ ಚೆನ್ನಾಗಿಯೇ ಇದೆ. ಕೊಳೆತದ್ದು ಹಲಗೆ.

ನಂತರ ನೀವು ಕಳುಹಿಸಿದ ಇಮೇಲ್‌ನಲ್ಲಿ, ಸೌಜನ್ಯಕ್ಕಾಗಿ ತಾಮ್ರದ ರಾಸಾಯನಿಕ ಉಣಿಸಿದ ಪೈನ್ ಹಲಗೆಗಳನ್ನು, ಮತ್ತೆ ಕಾರ್ಪೆಟ್ ಹೊದಿಸಿಯೇ, ಕೊಡುವುದಾಗಿ ಹೇಳಿದ್ದೀರಿ. ಬೇಡ. ಆ ಮರಕ್ಕೆ ಹುಳ, ಶಿಲೀಂಧ್ರ ಹಿಡಿಯದಿರಬಹುದು, ಆದರೆ ಅದರೊಳಗಿನ ತಾಮ್ರ ನಿಮ್ಮ ತೆಳುಲೇಪನದ ಬೋಲ್ಟುಗಳನ್ನು ಇನ್ನೂ ಬೇಗ ತಿನ್ನುತ್ತದೆ. ನಿಮ್ಮ ಗಿರಾಕಿಗಳಲ್ಲಿ ಅಲ್ಯೂಮಿನಿಯಂ ದೋಣಿಯವರಿದ್ದರೆ ದಯವಿಟ್ಟು ಅವರಿಗಂತೂ ಇದನ್ನು ಕೊಡಬೇಡಿ. ತಾಮ್ರ, ಉಪ್ಪು ನೀರು, ಅಲ್ಯೂಮಿನಿಯಂ ಒಂದೆಡೆ ಸೇರಿದರೆ ದೋಣಿಯ ತಳದಲ್ಲಿ ಗುಳಿ ಬೀಳುತ್ತದೆ.

ನನಗೆ ಬೇಕಾದದ್ದು ಇಷ್ಟು. ಹಂಗಾರಕಟ್ಟೆಯ ಒಬ್ಬ ಹಿರಿಯ ಆಚಾರಿಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಚೆನ್ನಾಗಿ ಒಣಗಿದ ಹೆಬ್ಬಲಸಿನ ಹಲಗೆ. ನಮ್ಮ ಕಡೆ ದೋಣಿಗಳಿಗೇ ಬಳಸುತ್ತಿದ್ದ ಮರ ಅದು. ತುದಿಗಳಿಗೂ ಕೊರೆದ ತೂತುಗಳಿಗೂ ಎಪಾಕ್ಸಿ ಬಳಿದಿರಬೇಕು, ನೀರು ಮೊದಲು ನುಗ್ಗುವುದು ಅಲ್ಲಿಂದಲೇ. ಮೇಲೆ ಕಾರ್ಪೆಟ್ ಬದಲು ಬಿಸಿಲು ತಡೆಯುವ ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪಟ್ಟಿ. ಅದು ನೀರು ಕುಡಿಯುವುದಿಲ್ಲ. ಬಿಸಿಲಿಗೆ ಹಿಗ್ಗುವುದರಿಂದ ಪಟ್ಟಿಯ ತೂತುಗಳು ಉದ್ದನೆಯವಾಗಿರಲಿ. ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು, ತಲೆ ಪಟ್ಟಿಯೊಳಗೆ ಹುದುಗಿರಬೇಕು. ಪ್ಲಾಸ್ಟಿಕ್ ಮೇಲೆ ದೋಣಿ ಸರ್ರನೆ ಜಾರುತ್ತದೆ, ನೀರಿಗೆ ಇಳಿಯುವ ತನಕ ದೋಣಿಯ ಮೂತಿಯನ್ನು ಟ್ರೇಲರಿಗೆ ಹಿಡಿದಿಡುವ ವಿಂಚ್ ಪಟ್ಟಿ ಬಿಚ್ಚಬಾರದು ಎಂಬುದು ನನಗೆ ಗೊತ್ತಿದೆ. ಮುಂದೆ ಅದನ್ನೇ ನೆಪ ಮಾಡಬೇಡಿ.

ಇದರ ಜೊತೆಗೆ ರಿಪೇರಿಯ 14,500 ರೂಪಾಯಿಯನ್ನೂ ಕೊಡಬೇಕು. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ. ನಿಮ್ಮ ಊರಿನಿಂದ ಉಡುಪಿಗೆ ಓಡಾಡುವ ಖರ್ಚು ನಿಮ್ಮದೇ.

ಸದ್ಯ ದೋಣಿ ಅಂಗಳದಲ್ಲಿ ಹಳೆಯ ಲಾರಿ ಟಯರುಗಳ ಮೇಲೆ ಕುಳಿತಿದೆ. ಅಕ್ಟೋಬರಿನಲ್ಲಿ ಪ್ರವಾಸಿಗರು ಬರಲಾರಂಭಿಸುತ್ತಾರೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ಮತ್ತು ರಿಪೇರಿ ರಸೀದಿಯ ಪ್ರತಿಗಳು, ಆರು ಛಾಯಾಚಿತ್ರಗಳು, ಎಡಬದಿಯ ಹಲಗೆಯ ಒಂದು ತುಂಡು. ಮುದ್ರೆಯಿರುವ ಬಲಬದಿಯ ಹಲಗೆಯನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.