ಅಪ್ಪನಿಗೆ, ಪೋರ್ಟ್ ಶಿಕಾಗೋ ನೋಡಿ ಬಂದ ಮೇಲೆ

ಸ್ಯಾನ್ ರಮೋನ್, ಕ್ಯಾಲಿಫೋರ್ನಿಯಾ

ಅಪ್ಪನಿಗೆ ನಮಸ್ಕಾರ,

ಇಲ್ಲಿ ಎಲ್ಲರೂ ಆರಾಮ. ಅಮ್ಮನ ಮಂಡಿನೋವು ಹೇಗಿದೆ? ಕಳೆದ ವಾರ ಬಂದರು ನೋಡಲು ಹೋಗಿದ್ದೆ ಅಂದಾಗ ನೀವು "ಯಾವ ಬಂದರು, ಏನು ಲೋಡು?" ಅಂತ ಕೇಳಿದಿರಿ. ಅಷ್ಟರಲ್ಲಿ ಪುಟ್ಟ ಫೋನ್ ಕಸಿದುಕೊಂಡ. ಹೇಳುವುದು ಜಾಸ್ತಿ ಇದೆ, ಅದಕ್ಕೇ ಈ ಕಾಗದ.

ಲೋಡು ಅಂದರೆ ಬಾಂಬು, ಅಪ್ಪ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಕಾಂಕರ್ಡ್ ಅಂತ ಊರು. ಅದರ ಪಕ್ಕ, ಸುಯಿಸುನ್ ಕೊಲ್ಲಿಯ ದಡದಲ್ಲಿ, ಹಿಂದೆ ಪೋರ್ಟ್ ಶಿಕಾಗೋ ಅನ್ನುತ್ತಿದ್ದ ಜಾಗದಲ್ಲಿ, ಅಮೆರಿಕದ ಸೇನೆಯ ಮದ್ದುಗುಂಡಿನ ಬಂದರಿದೆ. ಪೆಸಿಫಿಕ್ ದಾಟಿ ಹೋಗುವ ಮದ್ದುಗುಂಡಿಗೆ ಇದೇ ದೊಡ್ಡ ಬಾಗಿಲು. ಅಟ್ಲಾಂಟಿಕ್ ಕಡೆಗೆ ನಾರ್ತ್ ಕ್ಯಾರೊಲಿನಾದಲ್ಲಿ ಸನ್ನಿ ಪಾಯಿಂಟ್ ಅಂತ ಇನ್ನೊಂದು. ಟ್ಯಾಂಕು, ಲಾರಿಗಳಾದರೆ ಬ್ಯೂಮಾಂಟ್, ಚಾರ್ಲ್ಸ್‌ಟನ್‌ನಂಥ ಮಾಮೂಲಿ ಬಂದರುಗಳಿಂದಲೂ ಹೋಗುತ್ತವೆ. ದಡದ ಕೆಲಸ ಸೇನೆಯದು. ಹಡಗು ಒದಗಿಸುವುದು ನೌಕಾಪಡೆಯ ಸೀಲಿಫ್ಟ್ ಕಮಾಂಡ್. ಇಬ್ಬರ ಮೇಲೂ ಇರುವುದು ಸೇನಾ ಸಾಗಣೆ ನೋಡಿಕೊಳ್ಳುವ ಟ್ರಾನ್ಸ್‌ಕಾಂ. ಅದರ ಕಚೇರಿ ಇರುವುದು ಎಲ್ಲಿ ಗೊತ್ತಾ? ಇಲಿನಾಯ್ ರಾಜ್ಯದಲ್ಲಿ, ಸಮುದ್ರದ ಸುಳಿವೇ ಇಲ್ಲದ ಕಡೆ. ಕಲಬುರಗಿಯಲ್ಲಿ ಕೂತು ಮಂಗಳೂರಿನ ಬಂದರು ನಡೆಸಿದ ಹಾಗೆ!

ಸುಮ್ನೆ ಹೋಗಿ ನೋಡುವ ಜಾಗ ಅಲ್ಲ ಅದು. ಈಗಲೂ ಸೇನೆಯ ಕೆಲಸ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟು, ಒಪ್ಪಿಗೆ ಬಂದ ಮೇಲೆ ನ್ಯಾಷನಲ್ ಪಾರ್ಕ್‌ನವರ ಜೊತೆ ಹೋಗಬೇಕು. ನಾವು ನೋಡಿದ್ದು ಅಲ್ಲಿ ಸ್ಫೋಟದಲ್ಲಿ ಸತ್ತವರ ಸ್ಮಾರಕ. ಕೊಲ್ಲಿಯಲ್ಲಿ ಹಳೇ ಧಕ್ಕೆಯ ಮರದ ಕಂಬಗಳು ಮುರಿದ ಹಲ್ಲಿನ ಹಾಗೆ ನಿಂತಿವೆ. ಧಕ್ಕೆ ಅಂತ ಇನ್ನೇನೂ ಉಳಿದಿಲ್ಲ.

1944ರ ಜುಲೈ 17, ರಾತ್ರಿ 10:18. ಇ. ಎ. ಬ್ರಯನ್ ಅನ್ನುವ ಹಡಗಿಗೆ ಸುಮಾರು 4,600 ಟನ್ ಮದ್ದುಗುಂಡು ಹತ್ತಿಸಿಯಾಗಿತ್ತು. ಎದುರು ಬದಿಗೆ ಕಟ್ಟಿದ್ದ ಕ್ವಿನಾಲ್ಟ್ ವಿಕ್ಟರಿ ಆಗಷ್ಟೇ ಬಂದಿತ್ತು. ಎಲ್ಲ ಸಿಡಿಯಿತು. 320 ಜನ ಸತ್ತರು. ಅವರಲ್ಲಿ 202 ಮಂದಿ ಕಪ್ಪು ಜನಾಂಗದ ನಾವಿಕರು. ಲೋಡು ಮಾಡುವುದು ಅವರು, ಅಧಿಕಾರಿಗಳೆಲ್ಲ ಬಿಳಿಯರು. ಆಗಿನ ಪದ್ಧತಿ ಹಾಗಿತ್ತು.

ನಿಮ್ಮ ನೆನಪಾಗಿದ್ದು ಮುಂದಿನ ಮಾತಿಗೆ. ಯಾವ ಗ್ಯಾಂಗ್ ಎಷ್ಟು ಟನ್ ಹತ್ತಿಸಿತು ಅಂತ ಅಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಹಾಕುತ್ತಿದ್ದರಂತೆ. ಯಾರ ಗ್ಯಾಂಗ್ ಗೆಲ್ಲುತ್ತದೆ ಅಂತ ಅಧಿಕಾರಿಗಳು ಬಾಜಿ ಕಟ್ಟುತ್ತಿದ್ದರಂತೆ. ಸರಕು ಎತ್ತುವ ವಿಂಚ್ ಯಂತ್ರ ನಡೆಸುವವರಿಗೂ ಸರಿಯಾದ ತರಬೇತಿ ಇರಲಿಲ್ಲ. ಗೋಣಿಯಲ್ಲ ಅಪ್ಪ, ಬಾಂಬು! ನೀವು ಬಂದರಿನಲ್ಲಿ ಟ್ಯಾಲಿ, ಅಂದರೆ ಸರಕಿನ ಲೆಕ್ಕ, ಬರೆಯುತ್ತಿದ್ದಾಗ ಒಮ್ಮೆ ಗೇರುಬೀಜದ ಲೋಡು ಎತ್ತಲು ಸವೆದ ಹಗ್ಗದ ಸ್ಲಿಂಗ್ ಹಾಕಿದ್ದಕ್ಕೆ "ಬದಲಿಸುವವರೆಗೆ ಪೆನ್ನು ಮುಟ್ಟುವುದಿಲ್ಲ" ಅಂತ ಕೂತುಬಿಟ್ಟಿದ್ದಿರಲ್ಲ? ಕಾಂಟ್ರಾಕ್ಟರ್ ಕೂಗಾಡಿದ್ದ. ರಾತ್ರಿ ಮನೆಗೆ ಬಂದು ನೀವು ಊಟ ಕೂಡ ಸರಿಯಾಗಿ ಮಾಡಲಿಲ್ಲ. ನನಗಾಗ ಹತ್ತು ವರ್ಷ. ಒಂದು ಹಗ್ಗಕ್ಕೆ ಇಷ್ಟೊಂದಾ ಅನ್ನಿಸಿತ್ತು.

ಬದುಕುಳಿದ ನಾವಿಕರು ಮಾಡಿದ್ದೂ ಅದನ್ನೇ. ಜೊತೆಯವರ ದೇಹದ ತುಂಡು ಹೆಕ್ಕಿದವರು ಅವರು. ಮೂರು ವಾರ ಕಳೆದದ್ದೇ ಮತ್ತೆ ಮದ್ದುಗುಂಡು ಹತ್ತಿಸಿ ಅಂದರು. 258 ಮಂದಿ ಆಗಲ್ಲ ಅಂದರು. ಅವರಲ್ಲಿ 50 ಮಂದಿಯ ಮೇಲೆ ದಂಗೆಯ ಕೇಸು ಹಾಕಿ, 8ರಿಂದ 15 ವರ್ಷ ಶಿಕ್ಷೆ ಕೊಟ್ಟರು. ಥರ್ಗುಡ್ ಮಾರ್ಷಲ್ ಅನ್ನುವ ವಕೀಲರು ಬಂದು ವಿಚಾರಣೆ ನೋಡಿ, ಇದು ಅನ್ಯಾಯ ಅಂತ ಹೋರಾಡಿದರು. ಆಮೇಲೆ ಇಲ್ಲಿನ ಸುಪ್ರೀಂ ಕೋರ್ಟಿನ ಜಡ್ಜ್ ಆದವರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಹೆಚ್ಚಿನವರನ್ನು ಜೈಲಿನಿಂದ ಬಿಟ್ಟರು. ಆದರೆ ತಪ್ಪಿತಸ್ಥರು ಅನ್ನುವ ಹೆಸರು ಹೋಗಲಿಲ್ಲ. ನೌಕಾಪಡೆ ಅದನ್ನು ಅಳಿಸಿದ್ದು 2024ರ ಜುಲೈ 17ರಂದು. 80 ವರ್ಷ! ಅಷ್ಟರಲ್ಲಿ ಕೇಳಿಸಿಕೊಳ್ಳಬೇಕಾದವರೇ ಇರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಪೋರ್ಟ್ ಶಿಕಾಗೋ ಅನ್ನುವ ಊರೂ ಈಗಿಲ್ಲ. ಅಪಾಯ ಅಂತ 1968ರಲ್ಲಿ ಸರ್ಕಾರ ಮನೆಗಳನ್ನೆಲ್ಲ ಕೊಂಡು ಕೆಡವಿಸಿತು. ಬಂದರು ಮಾತ್ರ ಹೋಗಲಿಲ್ಲ ನೋಡಿ.

ಸತ್ತವರ ಹೆಸರು ಕಲ್ಲಿನ ಮೇಲೆ ಕೆತ್ತಿದ್ದಾರೆ. ಪುಟ್ಟ ಬೆರಳಿಟ್ಟು ಒಂದೊಂದೇ ಓದುತ್ತಾ ಹೋದ. ಇವರು ಹೊರಡೋಣ ಅಂದರೂ ಕೇಳಲಿಲ್ಲ. ಗಾಳಿ ಜೋರಾಗಿತ್ತು, ಅವನ ಟೋಪಿ ಎರಡು ಸಲ ಹಾರಿಹೋಯಿತು. ವಾಪಸ್ ಬರುವಾಗ ಕಾರಿನಲ್ಲಿ, "ಅಜ್ಜನೂ ಹಡಗಿಗೆ ಬಾಂಬ್ ಹಾಕ್ತಿದ್ರಾ?" ಅಂತ ಕೇಳಿದ. ಗೇರುಬೀಜ ಲೆಕ್ಕ ಹಾಕ್ತಿದ್ರು ಅಂದೆ. ಅವನಿಗೆ ನಿರಾಸೆ. ಹೇಗೆ ಲೆಕ್ಕ ಹಾಕ್ತಿದ್ರು ಅಂತ ಈಗ ದಿನಾ ಪ್ರಾಣ ತಿನ್ನುತ್ತಾನೆ. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವುದು ತೋರಿಸಿಕೊಟ್ಟೆ. ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿ ನಾನು ಮಾಡುವ ದೋಸೆಗಳನ್ನು ಹಾಗೇ ಬರೆದಿಡುತ್ತಿದ್ದಾನೆ.

ಅಟ್ಟದ ಮೇಲೆ ನಿಮ್ಮ ಹಳೇ ಟ್ಯಾಲಿ ಪುಸ್ತಕ ಇತ್ತಲ್ಲ, ನೀಲಿ ರಟ್ಟಿನದು? ಅಮ್ಮ ಗುಜರಿಗೆ ಹಾಕುವ ಮೊದಲು ತೆಗೆದಿಡಿ. ಡಿಸೆಂಬರಿನಲ್ಲಿ ಬಂದಾಗ ಅವನಿಗೆ ಬೇಕಂತೆ.

ನಿಮ್ಮ ಮಗಳು