ಭಾನುವಾರ, ಬುಧವಾರ ವಾಹನ ಎಣಿಕೆ: ಹೆಸರು ಕೊಡಿ
ಸಾಗರದ ಎಲ್ಲ ಸದಸ್ಯರಿಗೂ ನಮಸ್ಕಾರ.

ಬೈಪಾಸ್ ಬೇಕೆಂಬ ಮನವಿಯ ಜೊತೆ ಈ ಬಾರಿ ಲೆಕ್ಕವನ್ನೂ ಲಗತ್ತಿಸೋಣ. ಬರುವ ಭಾನುವಾರ ಮತ್ತು ಬುಧವಾರ, ಬೆಳಿಗ್ಗೆ 8ರಿಂದ 12ರವರೆಗೆ ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆಯಲ್ಲಿ ವಾಹನ ಎಣಿಕೆ ಇದೆ. ಭಾನುವಾರ ಮಾತ್ರ ಎಣಿಸಿದರೆ ‘ಅದು ಜೋಗದ ಪ್ರವಾಸಿಗರ ದಟ್ಟಣೆ’ ಎಂದು ತಳ್ಳಿಹಾಕುತ್ತಾರೆ, ಅದಕ್ಕೇ ಬುಧವಾರ.

ಶಿವಮೊಗ್ಗ ಕಡೆಯ ತುದಿಯಲ್ಲಿ ಒಂದು ತಂಡ, ಹೊನ್ನಾವರ ಕಡೆಯ ತುದಿಯಲ್ಲಿ ಇನ್ನೊಂದು. ಹಾದುಹೋಗುವ ಪ್ರತಿ ಲಾರಿ, ಬಸ್, ಕಾರಿನ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ವಾಹನದ ಬಗೆ, ಸಮಯ ಬರೆದುಕೊಳ್ಳಬೇಕು. ಒಂದೇ ಸಂಖ್ಯೆ ಎರಡೂ ತುದಿಯಲ್ಲಿ ಸ್ವಲ್ಪ ಹೊತ್ತಿನ ಅಂತರದಲ್ಲಿ ಸಿಕ್ಕರೆ, ಅದು ಊರಿನಲ್ಲಿ ಕೆಲಸವಿಲ್ಲದೆ ದಾಟಿಹೋದ ಗಾಡಿ. ಬೈಪಾಸ್‌ಗೆ ಹೋಗಬೇಕಾದದ್ದು ಅದೇ. ಕೆಎ-15 (ಸಾಗರದ ನೋಂದಣಿ) ಅಲ್ಲದ ಗಾಡಿಗಳೆಲ್ಲ ಹೊರಗಿನವು ಎಂದು ಲೆಕ್ಕ ಹಾಕಬೇಡಿ. ಬೆಂಗಳೂರಿನ ನೋಂದಣಿಯ ಕಾರುಗಳು ನಮ್ಮ ಬೀದಿಗಳಲ್ಲೇ ಎಷ್ಟಿಲ್ಲ!

ಒಂದೊಂದು ತುದಿಗೆ ಆರು ಮಂದಿ ಬೇಕು, ಎರಡು ಗಂಟೆಯ ಪಾಳಿ. ಗಡಿಯಾರಗಳ ಸಮಯ ಮೊದಲೇ ಹೊಂದಿಸಿಕೊಳ್ಳಿ. ಕೊಡೆ ತನ್ನಿ, ಪೆನ್ಸಿಲ್‌ನಲ್ಲೇ ಬರೆಯಿರಿ. ಮಳೆಗೆ ಶಾಯಿ ನಿಲ್ಲುವುದಿಲ್ಲ. ರಸ್ತೆಗಿಳಿಯುವುದು, ಗಾಡಿ ನಿಲ್ಲಿಸುವುದು ಬೇಡ.

ಬೈಪಾಸ್ ಬಂದರೆ ವ್ಯಾಪಾರ ಕುಸಿಯುತ್ತದೆಂಬ ಅಂಗಡಿಯವರ ಆತಂಕ ಸುಳ್ಳಲ್ಲ. ಅದನ್ನು ಇಲ್ಲಿ ವಾದಿಸುವ ಬದಲು ಎದುರು ಕುಳಿತು ಮಾತಾಡೋಣ.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು, ದಿನ, ಪಾಳಿ ತಿಳಿಸಿ. ದಯವಿಟ್ಟು ಈ ಸಂದೇಶಕ್ಕೆ ಹೆಬ್ಬೆರಳಿನ ಇಮೋಜಿಯಷ್ಟೇ ಹಾಕಿ ಸುಮ್ಮನಾಗಬೇಡಿ.